ಆಲ್ಪ್ಸ್ ಬೆಟ್ಟಕ್ಕೆ ಹೋದ ನಮ್ಮ ಪೆಟ್ಟಿಗೆ

ವಾಡಿ

ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಸಮುದ್ರದಿಂದ ಕಥೆ ಶುರುಮಾಡುತ್ತಾರೆ. ನನ್ನದು ವಾಡಿ ಜಂಕ್ಷನ್ನಿನಿಂದ. ಹೈದರಾಬಾದಿನಿಂದ ಸೇಡಂ, ಚಿತ್ತಾಪುರ ದಾಟಿ ಬಂದ ರೈಲು ನಮ್ಮನ್ನು ಅಲ್ಲಿ ಇಳಿಸಿತು. ಬೊಂಬಾಯಿಗೆ ಹೋಗುವ ಮೇಲು ಗಾಡಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ನಾವು ಅಂದರೆ ಇಬ್ಬರು ಮನುಷ್ಯರು ಮತ್ತು ಒಂದು ಪೆಟ್ಟಿಗೆ. ಮನುಷ್ಯರಲ್ಲಿ ಒಬ್ಬ ನಾನು, ಶಹಾಬಾದಿನ ಕಲ್ಲಿನ ವ್ಯಾಪಾರಿಯ ಮಗ ಶರಣಪ್ಪ. ಇನ್ನೊಬ್ಬರು ಚಿಂಚೋಳಿಯ ಮಾಣಿಕರಾಯರು. ಹೈದರಾಬಾದಿನ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ನನಗಿಂತ ಹಿರಿಯರು. ಚಿಂತೆ ಮಾಡುವುದರಲ್ಲಿ ಇಡೀ ಸಂಸ್ಥಾನಕ್ಕೇ ಹಿರಿಯರು.

ಪೆಟ್ಟಿಗೆ ಆಳುದ್ದವಿತ್ತು. ಹಮಾಲ ಅದನ್ನು ಸುತ್ತಿ ಬಂದು, ದನಿ ತಗ್ಗಿಸಿ ಕೇಳಿದ: "ಸಾಬ್, ಅಂದರ್ ಮಯ್ಯತ್ ಹೈ ಕ್ಯಾ?"

"ಏ, ಕೈ ಹಚ್ಚಬ್ಯಾಡ! ಹೆಣ ಅಲ್ಲೋ ಮಾರಾಯಾ, ಮಶೀನ್ ಅದ! ನಾವೇ ಹೊರ್ತೀವಿ!" ಎಂದು ಮಾಣಿಕರಾಯರು ಕೂಗಿದ್ದಕ್ಕೆ ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ತಿರುಗಿ ನೋಡಿದರು. ಹೆಣವಾಗಿದ್ದರೆ ಅಷ್ಟು ಜನ ನೋಡುತ್ತಿರಲಿಲ್ಲ.

ಆ ಪೆಟ್ಟಿಗೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಕಾಶದಿಂದ ಹಗಲೂ ರಾತ್ರಿ ಕಣ್ಣಿಗೆ ಕಾಣದ ಕಣಗಳು ತುಂತುರು ಮಳೆಯ ಹಾಗೆ ಬೀಳುತ್ತಲೇ ಇರುತ್ತವೆ. ನಿಮ್ಮ ತಲೆಯ ಮೂಲಕವೂ ಹಾದುಹೋಗುತ್ತಿವೆ, ಗಾಬರಿ ಬೇಡ. ಅವುಗಳನ್ನು ಹಿಡಿಯಲು ನಾವು ಕಾಲೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಒಂದು ಹಿತ್ತಾಳೆಯ ಚೇಂಬರ್ ಮಾಡಿದ್ದೆವು. ಒಳಗೆ ಕೂದಲಿಗಿಂತ ಸಣ್ಣ ತಂತಿಗಳ ಸಾಲು, ಗಾಳಿಯ ಬದಲು ಆರ್ಗಾನ್ ಅನಿಲ, ತಂತಿಗೆ ಬಲವಾದ ವಿದ್ಯುತ್ತು. ಕಣವೊಂದು ಹಾದುಹೋದರೆ ತಂತಿಯಲ್ಲಿ ಒಂದು ಮಿಡಿತ ಹುಟ್ಟುತ್ತದೆ. ಮಿಡಿತ ಹುಟ್ಟಿದರಷ್ಟೇ ಸಾಲದು, ಅದು ಛಲೋ ಮಿಡಿತವಾಗಿರಬೇಕು. ಒಂದು ಕಣಕ್ಕೆ ಒಂದೇ ಸಲ, ಸಾಕಷ್ಟು ಎತ್ತರಕ್ಕೆ ಹಾರಬೇಕು. ಕಣ ಬರದಾಗ ಬಾಯಿ ಮುಚ್ಚಿಕೊಂಡಿರಬೇಕು. ಮನುಷ್ಯರಲ್ಲೇ ಇಷ್ಟು ಗುಣ ಸಿಗುವುದು ಕಷ್ಟ. ನಮಗೆ ವರ್ಷಗಳೇ ಹಿಡಿದವು.

ಇಟಲಿಯ ಪ್ರೊಫೆಸರರೊಬ್ಬರು ಆಲ್ಪ್ಸ್ ಬೆಟ್ಟದ ನೆತ್ತಿಯ ಮೇಲೆ ಇಂಥ ಮೂರು ಚೇಂಬರುಗಳನ್ನು ಒಂದರ ಮೇಲೊಂದು ಇಟ್ಟು ಕಣ ಹಿಡಿಯುತ್ತಿದ್ದರು. ಅವರ ಕೆಳಗಿನ ಚೇಂಬರು ಹಳತಾಗಿ ಕೈಕೊಟ್ಟಿತ್ತು. ನಿಮ್ಮದನ್ನು ತನ್ನಿರಿ, ಪರೀಕ್ಷೆಯಲ್ಲಿ ಪಾಸಾದರೆ ಅದೇ ಮೂರನೆಯದಾಗಿ ಬೆಟ್ಟ ಹತ್ತುತ್ತದೆ, ಇಲ್ಲದಿದ್ದರೆ ಬಂದ ದಾರಿಯಲ್ಲೇ ಮರಳಿ ಒಯ್ಯಿರಿ ಎಂದು ಕಾಗದ ಬರೆದಿದ್ದರು. ನಮಗೆ ಇಷ್ಟೇ ಬೇಕಾಗಿತ್ತು. ನಮ್ಮ ಶೆಡ್ಡಿನ ಪೆಟ್ಟಿಗೆ ಆ ಬೆಟ್ಟ ಹತ್ತಬೇಕು.

ಬೊಂಬಾಯಿ ಮೇಲು ಶಹಾಬಾದಿನಲ್ಲಿ ನಿಂತರೂ ಬೀಡಿ ಹಚ್ಚುವಷ್ಟು ಹೊತ್ತು ನಿಲ್ಲುವುದಿಲ್ಲವೆಂದು ನಮ್ಮ ಮನೆಯವರೆಲ್ಲ ವಾಡಿಗೇ ಬಂದಿದ್ದರು. ಅಪ್ಪ, ಅವ್ವ, ಗುಂಡಗುರ್ತಿಯಿಂದ ಚಿಕ್ಕವ್ವ. ಅಪ್ಪ ಬಂದವನೇ ಸೊಂಟದಿಂದ ಬೀಗದ ಕೈ ತೆಗೆದು ಪೆಟ್ಟಿಗೆಯ ಒಂದು ಮೂಲೆಯನ್ನು ಬಡಿದ. ಆಮೇಲೆ ಇನ್ನೊಂದು, ಮತ್ತೊಂದು, ಮಗದೊಂದು.

ಇದು ನಮ್ಮ ಕಡೆಯ ರೂಢಿ. ನೆಲಕ್ಕೆ ಹಾಸುವ ಶಹಾಬಾದಿನ ಪರಸಿ ಕಲ್ಲನ್ನು ಯಾರೂ ಕಣ್ಣಿನಿಂದ ಕೊಳ್ಳುವುದಿಲ್ಲ, ಕಿವಿಯಿಂದ ಕೊಳ್ಳುತ್ತಾರೆ. ಗಟ್ಟಿ ಕಲ್ಲು 'ಟಣ್' ಎನ್ನುತ್ತದೆ, ಒಳಗೆ ಬಿರುಕಿದ್ದದ್ದು 'ಬದ್' ಎನ್ನುತ್ತದೆ. ಬದ್ ಎಂದ ಕಲ್ಲು ಅದೇ ಬಂಡಿಯಲ್ಲಿ ಮರಳಿ ಬರುತ್ತದೆ. ತುಂಬಿ ಹೋದ ಬಂಡಿ ಖಾಲಿ ಬಂತೆಂದರೆ ಮಾಲೆಲ್ಲ ಪಾಸಾಯಿತೆಂದು ಅರ್ಥ. ಅಂಥ ದಿನ ಅಪ್ಪ ಓಣಿಯ ತುದಿಗೇ ಬಂದು ನಿಂತು ಎರಡೂ ಎತ್ತುಗಳ ಬಾಯಿಗೆ ಬೆಲ್ಲ ಇಡುತ್ತಿದ್ದ.

"ನಾಕೂ ಮೂಲಿ ಬಡದು ನೋಡೀಯೇನೋ?" ಅಪ್ಪ ಕೇಳಿದ.

"ಇದು ಕಲ್ಲಲ್ಲ ಅಪ್ಪಾ."

"ಯಾವುದಿದ್ದರ ಏನಾತು? ನಡಬರಕ ಬಡದ್ರ ಎಲ್ಲಾ ಕಲ್ಲೂ ಛಂದ ಹಾಡ್ತಾವ. ಖೋಟಿ, ಬಿರುಕು ಇರೋದು ಮೂಲ್ಯಾಗ, ನಡುವ ಅಲ್ಲ." ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಗಿಸಿಕೊಂಡು, "ತುಂಬಿದ ಬಂಡಿ ಹೊಡಕೊಂಡು ಹೊಂಟೀ. ತುಂಬಿದ ಬಂಡಿ ತಿರುಗಿ ತರಬ್ಯಾಡ" ಎಂದ.

ಅವ್ವನ ಚಿಂತೆ ಬೇರೆ. ಅವಳು ಮಡಚಿ ತಂದಿದ್ದ ಕರಿ ಕಂಬಳಿಯನ್ನು ನನ್ನ ಕೈಗೆ ಹಾಕಿದಳು. "ಅಲ್ಲಿ ಥಂಡಿ ಭಾಳ ಅಂತ. ನಿಮಗ ಸ್ವೆಟರ್ ಅವ. ಪೆಟ್ಟಿಗಿಗಿ ಏನದ? ಇದನ್ನ ಹೊಚ್ಚು." ನಮ್ಮಲ್ಲಿ ದೊಡ್ಡವರು ಬಂದರೆ ಕಂಬಳಿ ಹಾಸುತ್ತೇವೆ, ಪೆಟ್ಟಿಗೆಯೂ ಅವಳ ಲೆಕ್ಕದಲ್ಲಿ ದೊಡ್ಡವರ ಸಾಲಿಗೆ ಸೇರಿತ್ತು. ಆ ಕಂಬಳಿ ಮುಂದೆ ಮಾಡಿದ ಕಿತಾಪತಿಯನ್ನು ಕೇಳುವಿರಂತೆ.

ಹಡಗು

ಹಡಗಿನ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ಅರ್ಧ ದಾರಿ ನಾನು ಕಣ್ಣು ಮುಚ್ಚಿ ಮಲಗಿದ್ದೆ, ಉಳಿದ ಅರ್ಧ ದಾರಿ ಜನರಿಗೆ ಉತ್ತರ ಕೊಡುತ್ತಿದ್ದೆ. ಹೈದರಾಬಾದ್ ಎಂದ ಕೂಡಲೇ ಎಲ್ಲರಿಗೂ ನಿಜಾಮರ ವಜ್ರಗಳೇ ನೆನಪಾಗುತ್ತಿದ್ದವು. ಒಬ್ಬ ಇಂಗ್ಲಿಷ್ ಅಜ್ಜಿಯಂತೂ ಪೆಟ್ಟಿಗೆಯಲ್ಲಿ ಅವೇ ಇವೆಯೆಂದು ನಂಬಿಬಿಟ್ಟಳು. ಮಾಣಿಕರಾಯರು ರಾತ್ರಿಯೆಲ್ಲ ಒಂದು ಕೈ ಪೆಟ್ಟಿಗೆಯ ಮೇಲಿಟ್ಟು ಮಲಗುವುದನ್ನು ಅವಳು ನೋಡಿದ್ದಳಂತೆ. ಅವಳ ತಪ್ಪೇನೂ ಇಲ್ಲ.

ನಾವಿಬ್ಬರೂ ಕಟ್ಟಿ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಪುಡಿ ತಿಂದುಕೊಂಡು ಸೂಯೆಜ್ ಕಾಲುವೆ ದಾಟಿದೆವು. ಎರಡೂ ದಡದಲ್ಲಿ ಮರಳು, ನಡುವೆ ಹಡಗು. ಮಾಣಿಕರಾಯರು ಕಟಕಟೆ ಹಿಡಿದು ನಿಂತು ಬಹಳ ಹೊತ್ತು ನೋಡಿದರು. "ಇಷ್ಟು ಅಗದಾರ, ಒಂದು ಪರಸಿ ಸಿಕ್ಕಿಲ್ಲ ನೋಡು" ಎಂದರು. ನನಗೆ ನಗು ಬಂತು, ಊರೂ ನೆನಪಾಯಿತು.

ಜಿನೋವಾ

ಇಟಲಿಯ ಜಿನೋವಾ ಬಂದರಿನಲ್ಲಿ ಇಳಿದವನೇ ನಾನು ತಲೆಯೆತ್ತಿ ಚಾವಣಿ ನೋಡಿದೆ. ಕಲ್ಲಿನ ಚಪ್ಪಡಿ! ಬಾಗಿಲ ಮೆಟ್ಟಿಲೂ ಅದೇ ಕರಿ ಕಲ್ಲು. ಸುಂಕದ ಕಟ್ಟೆಯ ಮುಂದೆ ನಿಂತಲ್ಲೇ ಬಗ್ಗಿ, ಪೆಟ್ಟಿಗೆಯ ಬೀಗದ ಕೈಯಿಂದ ಮೆಟ್ಟಿಲಿನ ಮೂಲೆ ಬಡಿದು ನೋಡಿದೆ. ಟಣ್ ಎಂದಿತು. ಇಟಲಿಯ ಮೇಲೆ ನನಗೆ ವಿಶ್ವಾಸ ಬಂದದ್ದು ಆಗ.

ಇಟಲಿಗೆ ನಮ್ಮ ಮೇಲೆ ಬರಲಿಲ್ಲ. ಸುಂಕದ ಅಧಿಕಾರಿ ದಪ್ಪ ಮೀಸೆಯ ಗೃಹಸ್ಥ. ಪೆಟ್ಟಿಗೆ ತೆಗೆಸಿದ, ಹಿತ್ತಾಳೆ ನೋಡಿದ, ತುದಿಯ ಗಾಜಿನ ಕಿಂಡಿಯಲ್ಲಿ ಇಣುಕಿದ. ಸಾಲು ತಂತಿಗಳು ಕಂಡವು. ಅವನ ಮುಖ ಅರಳಿತು. ಬೆರಳಾಡಿಸಿ ವೀಣೆ ಮೀಟುವ ಸನ್ನೆ ಮಾಡಿ, "ಮ್ಯೂಸಿಕಾ?" ಎಂದ. ನಾನು ಕಾಸ್ಮಿಕ್ ಕಿರಣದ ವಿಷಯ ಇಂಗ್ಲಿಷಿನಲ್ಲಿ ಹೇಳಹೋದೆ. ಅವನ ಮುಖ ಮತ್ತೆ ಮುಚ್ಚಿಕೊಂಡಿತು. ಆಗ ಮಾಣಿಕರಾಯರು ನನ್ನನ್ನು ಪಕ್ಕಕ್ಕೆ ಸರಿಸಿ, "ಮ್ಯೂಸಿಕಾ, ಮ್ಯೂಸಿಕಾ" ಎಂದು ಕೈಮುಗಿದು, ನಿಂತ ನಿಲುವಿನಲ್ಲೇ ಕಣ್ಣು ಮುಚ್ಚಿ ಒಂದು ಭಜನೆ ಎತ್ತಿಕೊಂಡರು. ಅವರ ಕಂಠ ಚಿಂಚೋಳಿಯ ಭಜನಾ ಮಂಡಳಿಯಲ್ಲಿ ಹದಗೊಂಡದ್ದು. ಎರಡನೆಯ ನುಡಿಗೆ ಹೋಗುವಷ್ಟರಲ್ಲಿ ಪಕ್ಕದ ಕಟ್ಟೆಯ ಅಧಿಕಾರಿಗಳೂ ಬಂದು ನಿಂತರು. ಮೀಸೆಯವನು ಕಣ್ಣೊರೆಸಿಕೊಂಡು ಠಸ್ಸೆ ಹೊಡೆದ.

"ಸುಳ್ಳು ಹೇಳಿದ್ರಲ್ಲ ಅಣ್ಣಾರ?" ಹೊರಗೆ ಬಂದ ಮೇಲೆ ಕೇಳಿದೆ.

"ಎಲ್ಲಾ ಹಾಡ್ತಾವ ಅಂತ ನಿಮ್ಮಪ್ಪನೇ ಹೇಳಲಿಲ್ಲೇನು? ನಡಿ ನಡಿ."

ಬೆಟ್ಟದ ಬುಡದ ಊರು

ಪರೀಕ್ಷೆ ನಡೆಯಬೇಕಾದ ಪ್ರಯೋಗಶಾಲೆ ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿತ್ತು. ಅಲ್ಲಿಯೂ ಮನೆಗಳ ಮೇಲೆ ಕಲ್ಲು ಹೊದಿಕೆ, ಮುಂದೆ ದನದ ಕೊಟ್ಟಿಗೆ, ಗೋಡೆಗೆ ಒಟ್ಟಿದ ಕಟ್ಟಿಗೆ. ಕೊರೆಯುವ ಚಳಿಯೊಂದನ್ನು ತೆಗೆದರೆ ಕುರಕುಂಟಾದ ಓಣಿಯಲ್ಲಿ ನಿಂತ ಹಾಗೆಯೇ. ಊಟದ ಚಿಂತೆಯೂ ಮೊದಲ ದಿನವೇ ತೀರಿತು. ಅಡುಗೆಯ ತೆರೇಸಾಬಾಯಿ ಗೋವಿನಜೋಳದ ಹಿಟ್ಟನ್ನು ಕುದಿಸಿ, ತಿರುವಿ ತಿರುವಿ ಗಟ್ಟಿ ಮಾಡಿ, ಮರದ ಹಲಗೆಯ ಮೇಲೆ ಸುರಿದು ದಾರದಿಂದ ಕೊಯ್ದಳು. ನಮ್ಮ ಸಂಗಟಿ! ನಾವು ಅದಕ್ಕೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡೆವು. ಪ್ರೊಫೆಸರರೂ ಒಂದು ಚಿಟಿಕೆ ಕೇಳಿ ತಿಂದರು. ಆಮೇಲೆ ಕರವಸ್ತ್ರ ಹಿಡಿದು ಕಿಟಕಿಯ ಬಳಿ ಬಹಳ ಹೊತ್ತು ನಿಂತರು. ಮರುದಿನ ತಾವಾಗಿಯೇ ಮತ್ತೆ ಕೇಳಿದರು.

ಪ್ರೊಫೆಸರ್ ಕಾರ್ಲೋನಿ ಎತ್ತರದ, ತೆಳ್ಳಗಿನ ಮುದುಕರು. ಎಡಗಿವಿ ಕೇಳುತ್ತಿರಲಿಲ್ಲ, ಮಾತಾಡುವವರೆಲ್ಲ ಅವರ ಬಲಕ್ಕೆ ಬಂದು ನಿಲ್ಲಬೇಕು. ಮೂರು ಚೇಂಬರುಗಳಲ್ಲಿ ನಡುವಿನದು ಅವರ ಕೈಯಾರೆ ಮಾಡಿದ್ದು. ಯುದ್ಧಕಾಲದಲ್ಲಿ ಸಿಪಾಯಿಗಳ ಕಣ್ಣಿಗೆ ಬೀಳದ ಹಾಗೆ ಅದನ್ನು ಹುಲ್ಲಿನ ಬಣವೆಯಲ್ಲಿ ಮುಚ್ಚಿಟ್ಟಿದ್ದರಂತೆ. ಅವರ ಜೊತೆಗೆ ಲೂಚಿಯಾ ಎಂಬ ಹೆಣ್ಣುಮಗಳು ಕೆಲಸ ಮಾಡುತ್ತಿದ್ದಳು. ಚೇಂಬರಿಗೆ ಜೋಡಿಸಿದ ಯಂತ್ರದ ದುಂಡು ಗಾಜಿನ ಮೇಲೆ ಹಸಿರು ಗೆರೆಯೊಂದು ಓಡುತ್ತದೆ, ಚೇಂಬರಿನಲ್ಲಿ ಮಿಡಿತವಾದಾಗಲೆಲ್ಲ ಆ ಗೆರೆ ಜಿಗಿಯುತ್ತದೆ. ಆ ಜಿಗಿತದ ಗುಣ ನೋಡುವುದು ಅವಳ ಕೆಲಸ. ಅವಳ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ.

ನಮ್ಮ ಚೇಂಬರಿಗೆ ಅನಿಲ ತುಂಬಿ, ವಿದ್ಯುತ್ ಕೊಟ್ಟು, ನಾನು ಭಕ್ತಿಯಿಂದ ಕಂಬಳಿ ಹೊಚ್ಚಿದೆ. ಅವ್ವನ ಅಪ್ಪಣೆ. ಸ್ವಲ್ಪ ಹೊತ್ತು ಗೆರೆ ಸರಿಯಾಗಿಯೇ ಜಿಗಿಯಿತು. ಆಮೇಲೆ ಹುಚ್ಚು ಹಿಡಿದಂತೆ ಕುಣಿಯತೊಡಗಿತು. ಹೋಗಿ ಕಂಬಳಿಯ ಅಂಚೆತ್ತಿ ನೋಡಿದೆ, ಮತ್ತಷ್ಟು ಕುಣಿಯಿತು. ಮಾಣಿಕರಾಯರು ಬಂದು ಕಂಬಳಿಯನ್ನು ಸರಿಯಾಗಿ ಹೊಚ್ಚಿದರು, ಗೆರೆ ಗಾಜಿನಿಂದಲೇ ಹೊರಗೆ ಹಾರಿತು.

ಲೂಚಿಯಾ ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದಳು. "ವಿಚಿತ್ರ. ನೀವು ದೂರವಿದ್ದಾಗ ಇದು ಸುಮ್ಮನಿರುತ್ತದೆ. ನೀವು ಪ್ರೀತಿ ತೋರಿಸಲು ಬಂದಾಗಲೇ ಕಿರುಚುತ್ತದೆ" ಎಂದು ಎದ್ದು ಬಂದು ಕಂಬಳಿಯನ್ನು ಒಮ್ಮೆಲೇ ಎಳೆದಳು. ಚಟಚಟಚಟ! ಅವಳ ಕೂದಲು ಎದ್ದು ನಿಂತವು, ಗೆರೆ ತಾಂಡವವಾಡಿತು. ಕಂಬಳಿ ದೂರವಾದದ್ದೇ ತಡ, ಗೆರೆ ಕೂಸಿನ ಹಾಗೆ ಶಾಂತವಾಯಿತು.

ಹಣೆ ಚಚ್ಚಿಕೊಂಡೆ. ನಮ್ಮೂರಿನಲ್ಲಿ ಚಳಿಗಾಲದ ಮುಂಜಾನೆ ಕಂಬಳಿ ಕೊಡವಿದರೆ ಚಟಚಟ ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಒಣ ಹವೆಯಲ್ಲಿ ಉಣ್ಣೆ ತಿಕ್ಕಿದರೆ ವಿದ್ಯುತ್ತು ಹುಟ್ಟುತ್ತದೆಂದು ಹುಡುಗರಿಗೆ ಪಾಠವನ್ನೂ ಮಾಡಿದ್ದೇನೆ. ಅಂಥವನು ಜಗತ್ತಿನ ಅತಿ ಸೂಕ್ಷ್ಮ ತಂತಿಗಳ ಮೇಲೆ ಕಂಬಳಿ ಹೊಚ್ಚಿ ಕೂತಿದ್ದೆ. ಓದಿದ ವಿದ್ಯೆ ಅವ್ವನ ಮಾತಿನ ಮುಂದೆ ನಿಲ್ಲುವುದಿಲ್ಲ ನೋಡಿ.

"ಈ ಕೋಣೆಯಲ್ಲಿ ಇನ್ನು ಮೇಲೆ ಕುರಿಗಳಿಗೆ ಪ್ರವೇಶವಿಲ್ಲ" ಎಂದರು ಪ್ರೊಫೆಸರರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ದಿನದಿಂದ ನಮ್ಮ ಪೆಟ್ಟಿಗೆಯ ಮೇಲೆ ಎಲ್ಲರ ಕಣ್ಣು ತುಸು ವಾರೆಯಾಯಿತು.

ಕರಿ ಮೆಟ್ಟಿಲು

ನಿಜವಾದ ಪರೀಕ್ಷೆ ಬಂದದ್ದು ಮೂರೂ ಚೇಂಬರುಗಳನ್ನು ಒಂದರ ಮೇಲೊಂದು ಏರಿಸಿದಾಗ. ಮೇಲಿನಿಂದ ಬಿದ್ದ ಕಣ ಮೂರನ್ನೂ ಹಾದು ಹೋದರೆ ಮೂರೂ ಒಟ್ಟಿಗೆ ಮಿಡಿಯಬೇಕು. ಹಾಗೆ ಒಟ್ಟಿಗೆ ಮಿಡಿದದ್ದು ಮಾತ್ರ ಲೆಕ್ಕಕ್ಕೆ. ಆ ಲೆಕ್ಕ ತೀರಾ ಕಡಿಮೆ ಬಂತು. ಮರುದಿನವೂ ಕಡಿಮೆ. ಮೂವರಲ್ಲಿ ಯಾರೋ ಒಬ್ಬರು ನಿದ್ದೆ ಹೊಡೆಯುತ್ತಿದ್ದರು.

ಯಾರು? ಕೇಳುವುದೇ ಬೇಡ. ಹೊಸ ಸೊಸೆ ಕಾಲಿಟ್ಟ ದಿನ ಗಡಿಗೆ ಒಡೆದರೆ ಅತ್ತೆಯನ್ನು ಯಾರಾದರೂ ಕೇಳುತ್ತಾರೆಯೆ? ಸಮುದ್ರ ದಾಟಿ ಬಂದದ್ದು ನಮ್ಮದು, ಕಂಬಳಿ ಹೊದ್ದದ್ದು ನಮ್ಮದು. ಲೂಚಿಯಾ ಮೂರನ್ನೂ ಬೇರೆ ಬೇರೆಯಾಗಿ ನೋಡಿದಳು. ಅದಕ್ಕೊಂದು ಕ್ರಮವಿತ್ತು: ಉದ್ದನೆಯ ಕೋಲಿನ ತುದಿಗೆ ಕಿರಣ ಸೂಸುವ ಒಂದು ಚೂರು ಲೋಹ ಅಂಟಿಸಿದ್ದರು. ಪ್ರತಿ ಚೇಂಬರಿನ ನಡುಮಧ್ಯೆ ಕೆಂಪು ಬಣ್ಣದ ಬೊಟ್ಟಿತ್ತು. ಆ ಬೊಟ್ಟಿನ ಮೇಲೆ ಕೋಲು ಹಿಡಿದು ಗೆರೆ ಎಷ್ಟು ಎತ್ತರ ಜಿಗಿಯುತ್ತದೆಂದು ನೋಡುವುದು. ಮೂರೂ ಸರಿಯಾಗಿ ಜಿಗಿದವು. ಹಾಗಾದರೆ ತಪ್ಪು ಕಣ್ಣಿಗೆ ಕಾಣದ ಕಡೆಯಲ್ಲಿದೆ. ಕಣ್ಣಿಗೆ ಕಾಣದ ತಪ್ಪು ಹೊಸಬರದೇ.

ಪ್ರೊಫೆಸರರು ಬಹಳ ಸೌಜನ್ಯದಿಂದ ಹೇಳಿದರು. ನಿಮ್ಮ ಚೇಂಬರಿನ ಕೆಲಸಗಾರಿಕೆ ಸುಂದರವಾಗಿದೆ. ಆದರೆ ದಾರಿಯಲ್ಲಿ ಏನೋ ಆಗಿರಬೇಕು. ಮುಂದಿನ ವಾರ ಮೇಲೆ ಹೋಗಲೇಬೇಕು, ಹಿಮ ಕಾಯುವುದಿಲ್ಲ. ಹಳೆಯದನ್ನೇ ಒಯ್ಯುತ್ತೇವೆ. ನೀವಿಬ್ಬರೂ ನಮ್ಮ ಅತಿಥಿಗಳಾಗಿ ಬನ್ನಿರಿ.

ಅತಿಥಿಗಳಾಗಿ! ನನಗೆ ರೇಗಿತು. ಬೈಸಿಕೊಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹೊರಗೆ ಬಂದು ಅಡುಗೆಮನೆಯ ಕರಿಕಲ್ಲಿನ ಮೆಟ್ಟಿಲ ಮೇಲೆ ಕೂತೆ. ಮಾಣಿಕರಾಯರೂ ಬಂದು ಕೂತರು.

"ಇನ್ನೇನು ಉಳೀತೋ ತಮ್ಮಾ? ಊರಾಗ ಏನಂತ ಹೇಳೋದು? ಹೋದ್ವಿ, ಸಂಗಟಿ ಉಂಡ್ವಿ, ಬಂದ್ವಿ ಅಂತ ಹೇಳೋದೇನು?" ಅವರ ದನಿ ಒಡೆಯಿತು. ಆ ತಂತಿಗಳನ್ನು ಒಂದೊಂದಾಗಿ ಉಸಿರು ಹಿಡಿದು ಎಳೆದು ಬಿಗಿದವರು ಅವರು. ಬೇಸಿಗೆಯಲ್ಲಿ ಆ ತಗಡಿನ ಶೆಡ್ಡಿನಲ್ಲಿ ಬೆವರ ಹನಿ ತಂತಿಗೆ ಬೀಳಬಾರದೆಂದು ಹಣೆಗೆ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದರು.

ಸಿಟ್ಟಿಗೋ ಸಂಕಟಕ್ಕೋ, ಕೈಯಲ್ಲಿದ್ದ ಬೀಗದ ಕೈಯಿಂದ ಮೆಟ್ಟಿಲನ್ನು ಬಡಿಯುತ್ತ ಕೂತೆ. ಟಣ್, ಟಣ್, ಟಣ್. ಛಲೋ ಕಲ್ಲು. ಹಾಗೆಯೇ ಸರಿದು ಮೂಲೆ ಬಡಿದೆ. ಬದ್.

ತೆರೇಸಾಬಾಯಿ ಒಳಗಿನಿಂದ ಇಣುಕಿ ಆ ಮೂಲೆಯನ್ನೇ ತೋರಿಸಿ, ಅಲ್ಲಿ ಕಾಲಿಡಬೇಡಿ ಎಂದು ಕೈಸನ್ನೆ ಮಾಡಿದಳು. ಅವಳಿಗೆ ಗೊತ್ತಿತ್ತು, ಮೇಲೆ ಮಾತ್ರ ಏನೂ ಕಾಣುತ್ತಿರಲಿಲ್ಲ. ನನಗೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಬಗ್ಗಿ ನಿಂತ ಅಪ್ಪ ಕಂಡ. ನಡಬರಕ ಬಡದ್ರ ಎಲ್ಲಾ ಕಲ್ಲೂ ಛಂದ ಹಾಡ್ತಾವ.

"ಅಣ್ಣಾರ, ಏಳ್ರಿ. ಲೂಚಿಯಾ ಕೋಲು ಎಲ್ಲಿ ಹಿಡೀತಾಳ?"

"ಕೆಂಪು ಬೊಟ್ಟಿನ ಮ್ಯಾಲ. ಯಾಕ?"

"ಬೊಟ್ಟು ಎಲ್ಲಿ ಅದ?"

"ನಡಬರಕ..." ಎಂದವರು ಬಾಯಿ ತೆರೆದುಕೊಂಡೇ ಎದ್ದು ನಿಂತರು.

ಮತ್ತೆ ಪ್ರಯೋಗಶಾಲೆ

ಪ್ರೊಫೆಸರರ ಬಲಗಿವಿಯ ಬಳಿ ನಿಂತು ಪರೀಕ್ಷೆಗೆ ಇನ್ನೊಂದು ಮಧ್ಯಾಹ್ನದ ಹೊತ್ತು ಕೊಡಿರೆಂದು ಕೇಳಿಕೊಂಡೆ. ನಮ್ಮೂರಿನಲ್ಲಿ ಕಲ್ಲು ಕೊಳ್ಳುವ ರೀತಿಯನ್ನೂ ಹೇಳಿದೆ. ಅವರು ಹುಬ್ಬೇರಿಸಿ, ಕೋಲನ್ನು ಲೂಚಿಯಾಳ ಕೈಗೆ ಕೊಟ್ಟು, "ಕಲ್ಲಿನ ಪರೀಕ್ಷೆಯೂ ಆಗಲಿ" ಎಂದರು. ನಂಬಿಕೆಯಿಂದ ಹೇಳಿದ್ದಲ್ಲ. ಅತಿಥಿಗಳ ಮನಸ್ಸು ನೋಯಬಾರದೆಂದು ಹೇಳಿದ್ದು.

ಮೊದಲು ನಮ್ಮ ಪೆಟ್ಟಿಗೆ. ಒಂದು ಮೂಲೆ: ಗೆರೆ ಜಿಗಿಯಿತು. ಎರಡನೆಯದು: ಅಷ್ಟೇ ಎತ್ತರ. ಮೂರು, ನಾಲ್ಕು, ಅಷ್ಟೇ, ಅಷ್ಟೇ. ನಮ್ಮ ತಗಡಿನ ಶೆಡ್ಡು, ನಮ್ಮ ಬೆವರು, ಮಾಣಿಕರಾಯರ ಹಣೆಯ ಪಟ್ಟಿ ಎಲ್ಲ ಆ ಹಸಿರು ಗೆರೆಯಲ್ಲಿ ಕಂಡವು. ಮಾಣಿಕರಾಯರು ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಿದ್ದರು.

ಮೇಲಿನ ಚೇಂಬರು: ಅದೂ ಸರಿ. ಉಳಿದದ್ದು ನಡುವಿನದು, ಬಣವೆಯಲ್ಲಿ ಅಡಗಿ ಯುದ್ಧ ದಾಟಿ ಬಂದದ್ದು, ಪ್ರೊಫೆಸರರ ಸ್ವಂತದ್ದು. ಲೂಚಿಯಾ ಕೋಲನ್ನು ಎತ್ತಿದವಳು ನನ್ನ ಮುಖ ನೋಡಿದಳು.

ಮಾಣಿಕರಾಯರು ಕಿವಿಯಲ್ಲಿ ಉಸುರಿದರು: "ಬ್ಯಾಡೋ ತಮ್ಮಾ. ಅದು ಯಜಮಾನ್ರ ಪೆಟ್ಟಿಗಿ. ನಮ್ಮದು ಸುದ್ದ ಅದ ಅಂತ ತಿಳೀತಿಲ್ಲೊ, ಅಷ್ಟು ಸಾಕು. ಹಿರೇರ ಖೋಟಿ ಅವರ ಮುಂದೇ ತೆಗೀಬಾರದು."

"ಖೋಟಿ ತೆಗೀಲಿಕತ್ತಿಲ್ಲರಿ ಅಣ್ಣಾರ. ಬಿಟ್ರ ಆ ಪೆಟ್ಟಿಗಿ ಮ್ಯಾಲ ಹೋಗಿ ಯಜಮಾನ್ರಿಗೇ ಮೋಸ ಮಾಡ್ತದ."

ನಾನು ತಲೆಯಾಡಿಸಿದೆ. ಲೂಚಿಯಾ ಹತ್ತಿರದ ಎರಡು ಮೂಲೆಗಳ ಮೇಲೆ ಕೋಲು ಹಿಡಿದಳು. ಗೆರೆ ಎತ್ತರಕ್ಕೆ ಜಿಗಿಯಿತು. ಆ ತುದಿಗೆ ಹೋದಳು, ಅನಿಲ ತುಂಬುವ ನಲ್ಲಿಯಿದ್ದ ಕಡೆ. ಗೆರೆ ಅಲ್ಲಿಯೂ ಜಿಗಿಯಿತು, ಆದರೆ ಮೊಣಕಾಲಿನಷ್ಟೇ. ಮಿಡಿತ ಇಷ್ಟು ಎತ್ತರದ ಹೊಸ್ತಿಲು ದಾಟಿದರೆ ಮಾತ್ರ ಎಣಿಸಬೇಕೆಂದು ಯಂತ್ರಕ್ಕೆ ಹೇಳಿಟ್ಟಿರುತ್ತಾರೆ. ಈ ಕುಳ್ಳ ಮಿಡಿತಗಳು ಹೊಸ್ತಿಲಿನ ಆಚೆಯೇ ಬಿದ್ದು ಹೋಗುತ್ತಿದ್ದವು. ಆ ತುದಿಯಲ್ಲಿ ಹಾದ ಕಣವನ್ನು ಮೇಲಿನದು ಕಂಡಿತು, ನಮ್ಮದು ಕಂಡಿತು, ನಡುವಿನದು ಕಾಣಲಿಲ್ಲ.

ಪ್ರೊಫೆಸರರು ಎದ್ದು ಬಂದು ಕೋಲನ್ನು ತಾವೇ ತೆಗೆದುಕೊಂಡರು. ನಡುವೆ ಹಿಡಿದರು, ತುದಿಗೆ ಹಿಡಿದರು, ಮತ್ತೆ ನಡುವೆ, ಮತ್ತೆ ತುದಿಗೆ. ಕೊನೆಗೆ ತಮ್ಮ ಎಡಗಿವಿಯನ್ನು ಮುಟ್ಟಿಕೊಂಡರು.

"ಯಜಮಾನನಂತೆಯೇ ಆಗಿದೆ. ಒಂದು ಕಡೆ ಕೇಳುವುದಿಲ್ಲ. ಹೋದ ವರ್ಷವೂ ಲೆಕ್ಕ ಕಡಿಮೆ ಬರುತ್ತಿತ್ತು. ನಾನು ಹಳೆಯ ಮೂರನೆಯದನ್ನು ಬೈದು ಹೊರಗೆ ಹಾಕಿದೆ" ಎಂದರು. ಆಮೇಲೆ ನಕ್ಕರು ನೋಡಿ, ಬಿದ್ದು ಬಿದ್ದು ನಕ್ಕರು, ಮಾಣಿಕರಾಯರನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ಅವರಲ್ಲಿ ಅದು ರೂಢಿ. ಮಾಣಿಕರಾಯರು ಮಾತ್ರ ಆ ಸಂಜೆಯೆಲ್ಲ ಕೆನ್ನೆ ಒರೆಸಿಕೊಳ್ಳುತ್ತಲೇ ಇದ್ದರು.

ಚೇಂಬರು ಬಿಚ್ಚಿ ನೋಡಿದಾಗ ನಲ್ಲಿಗೆ ಹಚ್ಚಿದ ಗ್ರೀಸಿನ ಜಿಡ್ಡು ಆ ತುದಿಯ ತಂತಿಗಳ ಮೇಲೆಲ್ಲ ಕೂತಿತ್ತು. ತಂತಿ ದಪ್ಪಗಾದಷ್ಟೂ ಮಿಡಿತ ಕುಗ್ಗುತ್ತದೆ. ಹೊಸ ತಂತಿ ಕಟ್ಟಬೇಕಾಗಿತ್ತು. ಕಟ್ಟಿದವರು ಯಾರು? ಹಣೆಗೆ ಪಟ್ಟಿ ಬಿಗಿದ ನಮ್ಮ ಮಾಣಿಕರಾಯರು. ಪ್ರೊಫೆಸರರು ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದರು.

ಮತ್ತೆ ಮೂರನ್ನೂ ಏರಿಸಿದೆವು. ಎಣಿಸುವ ಯಂತ್ರ ಟಕ್ ಎಂದಿತು. ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಕೆಂಭಾವಿಯ ಹಲಗೆ ವಾದ್ಯದ ಬಡಿತವೂ ನನಗೆ ಅಷ್ಟು ಇಂಪಾಗಿ ಕೇಳಿರಲಿಲ್ಲ. ಲೂಚಿಯಾ ಲೆಕ್ಕ ನೋಡಿ ಕುಣಿದೇಬಿಟ್ಟಳು. ತೆರೇಸಾಬಾಯಿ ಎಲ್ಲರಿಗೂ ದ್ರಾಕ್ಷಾರಸ, ನಮಗಿಬ್ಬರಿಗೆ ದೊಡ್ಡ ಲೋಟದಲ್ಲಿ ಹಾಲು ತಂದಳು.

ಬೆಟ್ಟದ ಮೇಲೆ

ಬೆಟ್ಟಕ್ಕೆ ದಾರಿಯಿಲ್ಲ, ತಂತಿಯಿದೆ. ಆ ತಂತಿಗೆ ತೂಗಾಡುವ ಡಬ್ಬಿಯೊಳಗೆ ಕೂತು ಹೋಗಬೇಕು. ಮಾಣಿಕರಾಯರು ಕಣ್ಣು ಮುಚ್ಚಿ ಶಿವನಾಮ ಹೇಳಿದರು, ಆದರೆ ಒಂದು ಕೈ ಪೆಟ್ಟಿಗೆಯ ಮೇಲೆಯೇ ಇತ್ತು. ಮೇಲೆ ಇಳಿದಾಗ ಮಧ್ಯಾಹ್ನದ ಬಿಸಿಲು. ಎಲ್ಲಿ ನೋಡಿದರೂ ಹಿಮ, ನಮ್ಮ ಕಡೆ ಹತ್ತಿ ಒಡೆದ ಹೊಲದಂತೆ ಬಿಳುಪು. ಕಲ್ಲಿನ ಗುಡಿಸಲಿನೊಳಗೆ ಮೂರು ಚೇಂಬರುಗಳನ್ನು ಏರಿಸಿ ವಿದ್ಯುತ್ ಕೊಟ್ಟರು. ಕೆಳಗಿನದು ನಮ್ಮದು. ಮೇಲಿನ ಎರಡರ ಭಾರವನ್ನೂ ಹೊತ್ತು ಗಟ್ಟಿಯಾಗಿ ನಿಂತಿತ್ತು.

ಅಲ್ಲಿ ಆಕಾಶ ಹತ್ತಿರ, ಕಣಗಳ ಮಳೆ ಜೋರು. ಯಂತ್ರ ಬಿಡುವಿಲ್ಲದೆ ಟಕಟಕ ಎನ್ನುತ್ತಿತ್ತು. ನಾನು ಹೊರಗೆ ಬಂದು, ಯಾರೂ ಇಲ್ಲವೆಂದು ನೋಡಿಕೊಂಡು, ಶಹಾಬಾದಿಗೆ ಕೇಳುವ ಹಾಗೆ ಒಮ್ಮೆ ಕೂಗಿದೆ. ಆ ಹೊತ್ತಿನ ಸಂತೋಷವನ್ನು ಯಾಕೆ ಮುಚ್ಚಿಡಲಿ? ಗೆದ್ದಿದ್ದೆವು.

ಪ್ರೊಫೆಸರರು ಕೆಂಪು ಬಣ್ಣದ ಡಬ್ಬಿ ತರಿಸಿ ಪ್ರತಿ ಚೇಂಬರಿನ ನಾಲ್ಕೂ ಮೂಲೆಗೆ ಬೊಟ್ಟಿಡಿಸಿದರು. ದಿನಾ ಬೆಳಿಗ್ಗೆ ಲೂಚಿಯಾ ಕೋಲು ಹಿಡಿದು "ಆಂಗೊಲಿ!" ಎಂದು ಕೂಗುತ್ತಿದ್ದಳು. ಮೂಲೆಗಳು ಎಂದರ್ಥ. ಕಾಫಿಗಿಂತ ಮೊದಲು ಮೂಲೆಗಳಾಗಬೇಕು. ಅವ್ವನ ಕಂಬಳಿ ಪ್ರೊಫೆಸರರ ಹಾಸಿಗೆ ಸೇರಿತು. ಕುರಿಗೆ ಪ್ರವೇಶವಿಲ್ಲ ಎಂದವರು ಅದನ್ನು ನಾವು ಹೊರಡುವಾಗಲೂ ಮರಳಿ ಕೊಡಲಿಲ್ಲ.

ಮತ್ತೆ ವಾಡಿ

ಬೊಂಬಾಯಿ ಮೇಲು ವಾಡಿಯಲ್ಲಿ ನಿಂತಾಗ ಹೋಗುವಾಗಿನ ಮಂದಿಯೇ ನಿಂತಿದ್ದರು. ನಾವಿಬ್ಬರೂ ಒಂದೊಂದು ಸಣ್ಣ ಟ್ರಂಕು ಹಿಡಿದು ಇಳಿದೆವು. ಅಪ್ಪ ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ ರೈಲಿನ ಡಬ್ಬಿಯೊಳಗೆ ನೋಡಿದ, ಬಗ್ಗಿ ಸೀಟಿನ ಕೆಳಗೆ ನೋಡಿದ.

ಚಿಕ್ಕವ್ವನಿಗೆ ಕಣ್ಣೀರು ಬಂತು. "ಪೆಟ್ಟಿಗಿ ಕಳಕೊಂಡ್ರೇನೋ? ಹೋಗ್ಲಿ ಬಿಡೋ ಯಪ್ಪಾ. ಕೈಕಾಲು ಗಟ್ಟಿ ತಿರುಗಿ ಬಂದೀಯಲ್ಲ, ಅಷ್ಟೇ ಸಾಕು."

"ಕಂಬಳಿನೂ ಇಲ್ಲ?" ಎಂದಳು ಅವ್ವ.

"ಪೆಟ್ಟಿಗಿ?" ಎಂದ ಅಪ್ಪ.

"ಅಲ್ಲೇ ಇಟ್ಕೊಂಡಾರ, ಅಪ್ಪಾ. ಬೆಟ್ಟದ ಮ್ಯಾಲ. ನಾಕೂ ಮೂಲಿ ಬಡದು ನೋಡೇ ಇಟ್ಕೊಂಡಾರ."

ಅಪ್ಪ ಚಿಕ್ಕವ್ವನ ಕಡೆ ತಿರುಗಿ, ಹಮಾಲರಿಗೂ ಗಾರ್ಡನಿಗೂ ಕೇಳುವಂತೆ ಕೂಗಿದ: "ಅಳಬ್ಯಾಡವ್ವಾ, ನಗು! ಬಂಡಿ ಖಾಲಿ ಬಂದದ! ಖಾಲಿ ಬಂದದ ನೋಡ್ರೋ!"

ಅಂಗಿಯ ಜೇಬಿಗೆ ಕೈಹಾಕಿ ಕಾಗದದ ಪೊಟ್ಟಣ ತೆಗೆದ. ಬಿಚ್ಚಿದರೆ ಒಂದು ಹೆಂಟೆ ಬೆಲ್ಲ. ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದ.

"ಹಿರೇ ಎತ್ತಿಗಿ ಮೊದಲ" ಎಂದು ಅದನ್ನು ಮುರಿದು ಮಾಣಿಕರಾಯರ ಬಾಯಿಗೆ ಇಟ್ಟ. ಅವರು ಅಳುತ್ತಲೇ ಅಗಿದರು. ಆಮೇಲೆ ಅಪ್ಪ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆದೆ.